ಸೌದೆ ಒಲೆಯ ಹೊಗೆ ಕೊಳವೆಗೆ ಏನು ಮೆತ್ತಬೇಕು?

ಕೊಪ್ಪಳದಲ್ಲಿ ಮಿರ್ಚಿ ಅಂಗಡಿ ನಡೆಸುವ ಅಕ್ಕ ಕೇಳಿದರು: ಸೌದೆ ಒಲೆಯ ತಗಡಿನ ಕೊಳವೆ ಸಂದಿಯಲ್ಲಿ ಹೊಗೆ ಬರುತ್ತಿದೆ, ಸಿಲಿಕೋನ್ (ಸಂದಿ ಮುಚ್ಚುವ ರಬ್ಬರಿನಂಥ ಅಂಟು) ಹಾಕಲಾ, ಫರ್ನೇಸ್ ಸಿಮೆಂಟಾ (ಜೋರು ಬಿಸಿ ತಡೆಯುವ ಗಾರೆ), ಇಲ್ಲ ಮಣ್ಣೇ ಸಾಕಾ?

ಮೊದಲು ಬಿಸಿ ನೋಡಿ. ಕೆಂಪು ಹೈ ಟೆಂಪರೇಚರ್ ಸಿಲಿಕೋನ್ ಸುಮಾರು 250 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ಒಲೆಗೆ ಅಂಟಿದ ಕೊಳವೆ ಜೋರು ಉರಿಯಲ್ಲಿ ಅದನ್ನು ದಾಟಿಬಿಡುತ್ತದೆ. ಆಗ ಸಿಲಿಕೋನ್ ಪುಡಿಪುಡಿಯಾಗಿ ಉದುರುತ್ತದೆ. ಅಲ್ಲಿಗೆ ಫರ್ನೇಸ್ ಸಿಮೆಂಟೇ ಸರಿ, 1000 ಡಿಗ್ರಿಗೂ ಜಗ್ಗುವುದಿಲ್ಲ. ಆದರೆ ಒಣಗಿದರೆ ಕಲ್ಲಿನ ಹಾಗೆ. ತಗಡು ಕಾದು ಹಿಗ್ಗಿ, ಆರಿ ಕುಗ್ಗುವಾಗ ಕೂದಲೆಳೆಯಷ್ಟು ಬಿರುಕು ಬರುತ್ತದೆ. ಅದಕ್ಕೇ ಮಸಿ ಕೆರೆದು, ಸ್ಕ್ರೂ ಬಿಗಿದು, ತೆಳ್ಳಗೆ ಮೆತ್ತಿ. ಒಂದು ದಿನ ಒಣಗಲಿ, ಆಮೇಲೆ ಸಣ್ಣ ಉರಿ.

ಕೊಳವೆ ಮೇಲ್ಛಾವಣಿ ದಾಟುವ ಜಾಗದ ಮಾತೇ ಬೇರೆ. ಅಲ್ಲಿ ಬಿಸಿ ಕಡಿಮೆ, ಮಳೆ ನೀರಿನ ಕಾಟ ಜಾಸ್ತಿ. ರಬ್ಬರಿನಂತೆ ಬಾಗುವ ಸಿಲಿಕೋನ್ ಅಲ್ಲಿಗೆ ಒಳ್ಳೆಯದು.

ಮಣ್ಣಿಗೆ ಖರ್ಚೇ ಇಲ್ಲ. ಇಟ್ಟಿಗೆ ಒಲೆಗೆ ಕೊಳವೆ ಸೇರುವಲ್ಲಿ ಬೂದಿ ಬೆರೆಸಿ ಮೆತ್ತಿದರೆ ನಡೆಯುತ್ತದೆ, ಆಗಾಗ ಮತ್ತೆ ಮೆತ್ತಬೇಕು. ನುಣುಪು ತಗಡಿಗೆ ಅದು ಹಿಡಿಯುವುದಿಲ್ಲ.

ಅಕ್ಕಾ, ಮೆತ್ತಿದ ಮೇಲೂ ಹೊಗೆ ಒಳಗೇ ತಿರುಗಿದರೆ ಕೊಳವೆಯಲ್ಲಿ ಮಸಿ ಕಟ್ಟಿರಬಹುದು. ಒಲೆ ಆರಿಸಿ, ಮೊದಲು ಆ ಮಸಿ ತೆಗೆಸಿ.