ಆರು ವರ್ಷ ಬಳಸಿದ ಇಂಡಕ್ಷನ್ ಒಲೆ: ಅಡುಗೆಗೆ ಸೈ, ಒದ್ದೆ ಬೆರಳಿಗೆ ಆಗಲ್ಲ

2019ರಲ್ಲಿ ಗ್ಯಾಸ್ ಖಾಲಿಯಾಗಿ ಸಿಲಿಂಡರ್ ಬಾರದೆ ಒದ್ದಾಡಿದ ವಾರ ಗಡಿಬಿಡಿಯಲ್ಲಿ ತಂದ ಒಲೆ ಇದು. 1800 ವಾಟ್, ಕಪ್ಪು ಗಾಜು, ಮುಂದೆ ಸಾಲಾಗಿ ಟಚ್ ಗುಂಡಿಗಳು. ಕಂಪನಿ ಹೆಸರು ಬೇಡ ಬಿಡಿ.

ಕಾಯಿಸುವುದರಲ್ಲಿ ದೂರಿಲ್ಲ. ನೀರು ಬೇಗ ಕುದಿಯುತ್ತದೆ, ಅಡುಗೆಮನೆ ಅಷ್ಟು ಬಿಸಿಯಾಗುವುದಿಲ್ಲ, ಒಂದು ಸಲ ಬಟ್ಟೆ ಎಳೆದರೆ ಕ್ಲೀನ್. ತಳಕ್ಕೆ ಅಯಸ್ಕಾಂತ ಅಂಟುವ ಪಾತ್ರೆಯೇ ಬೇಕು, ಹಾಗಾಗಿ ನಮ್ಮ ಹಳೆ ಅಲ್ಯೂಮಿನಿಯಂ ಕುಕ್ಕರ್ ಅಟ್ಟ ಸೇರಿತು. ಅದಕ್ಕೆ ಒಲೆಯನ್ನು ಬೈಯುವುದಿಲ್ಲ, ಅದು ಕೆಲಸ ಮಾಡುವ ರೀತಿಯೇ ಹಾಗೆ.

ಬೈಯಬೇಕಾದ್ದು ಆ ಟಚ್ ಗುಂಡಿಗಳನ್ನು. ಅಡುಗೆ ಮಾಡುವವರ ಕೈ ಯಾವಾಗ ಒಣಗಿರುತ್ತದೆ ಹೇಳಿ? ಅಕ್ಕಿ ತೊಳೆದ ಕೈಯಲ್ಲಿ ಮುಟ್ಟಿದರೆ ಒಂದೋ ಕೇಳುವುದೇ ಇಲ್ಲ, ಇಲ್ಲಾಂದ್ರೆ ಪಕ್ಕದ ಗುಂಡಿ ಕೆಲಸ ಮಾಡಿಬಿಡುತ್ತದೆ. ಹಾಲು ಉಕ್ಕಿದ ದಿನವಂತೂ ಕೇಳಬೇಡಿ, ಹಾಲು ಸೀದಾ ಗುಂಡಿಗಳ ಮೇಲೆ ಹರಿಯುತ್ತದೆ, ಒಲೆ ಕೀಂ ಕೀಂ ಅಂತ ಕೂಗುತ್ತದೆ, ಆರಿಸೋಣ ಅಂದರೆ ಆರಿಸುವ ಗುಂಡಿಯೂ ಅದೇ ಹಾಲಿನಡಿ ಮುಳುಗಿರುತ್ತದೆ. ನಾನೀಗ ಗುಂಡಿ ಹುಡುಕುವುದನ್ನೇ ಬಿಟ್ಟಿದ್ದೇನೆ. ಪಾತ್ರೆ ಎತ್ತಿಬಿಡುತ್ತೇನೆ, ತಾನೇ ನಿಲ್ಲುತ್ತದೆ.

ಪಕ್ಕದಲ್ಲೇ 750 ವಾಟಿನ ಮಿಕ್ಸಿ ಇದೆ. ಒಂದೇ ತಿರುಗಣೆ: ಬಲಕ್ಕೆ ಮೂರು ವೇಗ, ಎಡಕ್ಕೆ ತಿರುಗಿಸಿ ಹಿಡಿದಷ್ಟು ಹೊತ್ತು ಮಾತ್ರ ಓಡುತ್ತದೆ. ಅಮ್ಮ ಟಿವಿ ಕಡೆ ಮುಖ ಮಾಡಿಕೊಂಡೇ ಚಟ್ನಿ ರುಬ್ಬುತ್ತಾಳೆ, ಟಕ್ ಟಕ್ ಅನ್ನುವುದನ್ನು ಕೈಯೇ ಎಣಿಸಿಕೊಳ್ಳುತ್ತದೆ. ಅದೇ ಅಮ್ಮ ಇಂಡಕ್ಷನ್ ಮುಂದೆ ಕನ್ನಡಕ ಹುಡುಕುತ್ತಾಳೆ. ಮೊದಲು ಆನ್, ಆಮೇಲೆ ಮೆನು, ಆಮೇಲೆ ಪ್ಲಸ್ಸೋ ಮೈನಸ್ಸೋ. ಎರಡು ಸೆಕೆಂಡ್ ಕರೆಂಟು ಹೋಗಿ ಬಂದರೆ ಎಲ್ಲಾ ಮೊದಲಿಂದ. ಇಡ್ಲಿ, ದೋಸೆ ಅಂತ ಇಂಗ್ಲಿಷಿನಲ್ಲಿ ಬರೆದ ಗುಂಡಿಗಳೂ ಇವೆ, ಆರು ವರ್ಷದಲ್ಲಿ ನಮಗೆ ಅವು ಬೇಕಾಗಲಿಲ್ಲ. (ಮಿಕ್ಸಿಯೂ ಸಾಚಾ ಅಲ್ಲ. ಲೋಡ್ ಜಾಸ್ತಿಯಾದರೆ ನಿಂತುಹೋಗುತ್ತದೆ, ಮತ್ತೆ ಒತ್ತಬೇಕಾದ ಕೆಂಪು ಗುಂಡಿಯನ್ನು ಅಡಿಯಲ್ಲಿ ಬಚ್ಚಿಟ್ಟಿದ್ದಾರೆ. ಗೊತ್ತಿಲ್ಲದೆ ಒಮ್ಮೆ ರಿಪೇರಿಗೆ ಹೊತ್ತುಕೊಂಡು ಹೋಗಿದ್ದೆ.)

ಸಣ್ಣ ಉರಿ ಇದರಲ್ಲಿ ಸುಳ್ಳು. ವಾಟ್ ಕಡಿಮೆ ಮಾಡಿದರೆ ಸಮನಾಗಿ ಕಾಯಿಸುವುದಿಲ್ಲ, ಕೆಲವು ಸೆಕೆಂಡ್ ಜೋರಾಗಿ ಕಾಯಿಸಿ, ಕೆಲವು ಸೆಕೆಂಡ್ ಸುಮ್ಮನಿರುತ್ತದೆ. ಪಾಯಸ ಕೊತಕೊತ ಕುದಿಯುತ್ತದೆ, ತಣ್ಣಗಾಗುತ್ತದೆ, ಮತ್ತೆ ಕುದಿಯುತ್ತದೆ, ಕೊನೆಗೆ ತಳ ಹಿಡಿಯುತ್ತದೆ. ಒಗ್ಗರಣೆ ಸೌಟನ್ನಂತೂ ಪಾತ್ರೆ ಅಂತಲೇ ಒಪ್ಪುವುದಿಲ್ಲ, ತಳ ಚಿಕ್ಕದಾಯಿತು ಅಂತ ಕೂಗುತ್ತದೆ. ಸಾರು ಇದರ ಮೇಲೆ, ಒಗ್ಗರಣೆ ಗ್ಯಾಸ್ ಮೇಲೆ. ಒಲೆ ಆರಿಸಿದ ಮೇಲೂ ಒಳಗಿನ ಫ್ಯಾನ್ ಸ್ವಲ್ಪ ಹೊತ್ತು ಓಡಬೇಕು. ಅದನ್ನು ಒಲೆ ಮೇಲೆ ಎಲ್ಲೂ ಬರೆದಿಲ್ಲ, ಅಮ್ಮ ಕರೆಂಟು ಉಳಿಸೋಕೆ ಅಂತ ತಕ್ಷಣ ಗೋಡೆಯ ಸ್ವಿಚ್ ಆರಿಸುತ್ತಿದ್ದಳು.

ಈಗ ಆಫ್ ಗುಂಡಿಯ ಪಕ್ಕ ಅಮ್ಮ ತನ್ನ ಸ್ಟಿಕ್ಕರ್ ಬೊಟ್ಟು ಒಂದನ್ನು ಅಂಟಿಸಿದ್ದಾಳೆ. ಕನ್ನಡಕ ಇಲ್ಲದಿದ್ದರೂ ಬೆರಳಿಗೆ ಸಿಗುತ್ತದೆ.

ಐದಕ್ಕೆ ಮೂರು ಕೊಡುತ್ತೇನೆ, ಮೂರೂ ಕಾಯಿಸುವುದಕ್ಕೆ. ಹೊಸದು ಕೊಳ್ಳುವವರು ತಿರುಗಣೆ ಇರುವುದು ಸಿಗುತ್ತಾ ಕೇಳಿ. ಟಚ್ಚೇ ಬೇಕು ಅಂದರೆ ಅಂಗಡಿಯಲ್ಲೇ ಬೆರಳು ಒದ್ದೆ ಮಾಡಿಕೊಂಡು ಒತ್ತಿ ನೋಡಿ, ಅಂಗಡಿಯವರು ಗುರಾಯಿಸಿದರೆ ಗುರಾಯಿಸಲಿ.