ಕುಚ್ಚು ಕಟ್ಟುವಾಗ ಯಾವ ಕಥೆ ಕೇಳೋದು?

ನಾನು ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತೇನೆ, ಫಾಲ್ ಹಚ್ಚುತ್ತೇನೆ. ಕೈ, ಕಣ್ಣು ಎರಡಕ್ಕೂ ಬಿಡುವಿಲ್ಲ. ಕಿವಿ ಮಾತ್ರ ಖಾಲಿ. ಅದಕ್ಕೇ ಮೂರು ತಿಂಗಳಿಂದ ಮೂರು ಥರ ಕಥೆ ಕೇಳಿ ನೋಡಿದೆ: ಆಕಾಶವಾಣಿಯ ನೇರ ಪ್ರಸಾರ, ವಿಡಿಯೊ ತಾಣದಲ್ಲಿ ಸಿಗುವ ಕಥೆಯ ಓದು, ದುಡ್ಡು ಕೊಟ್ಟು ಕೇಳುವ ಆಡಿಯೊ ಪುಸ್ತಕ.

ಆಕಾಶವಾಣಿಗೆ ನ್ಯೂಸ್ ಆನ್ ಏರ್ ಆ್ಯಪ್ ಸಾಕು. ಬೆಂಗಳೂರು, ಮೈಸೂರು, ಧಾರವಾಡ ಎಲ್ಲವೂ ಒಂದೇ ಕಡೆ, ಪುಕ್ಕಟೆ. ನನಗೆ ಜಾಸ್ತಿ ಹಿಡಿಸಿದ್ದು ಅಲ್ಲಿನ ನಾಟಕ. ಒಬ್ಬೊಬ್ಬರದು ಒಂದೊಂದು ದನಿ. ಬಾಗಿಲು ಕಿರ್ರೆನ್ನುತ್ತದೆ, ಯಾರೋ ಒಳಗೆ ಬರುತ್ತಾರೆ. ಎಳೆ ಎಣಿಸುವಾಗ ಎರಡು ಮಾತು ತಪ್ಪಿದರೂ ಯಾರು ಯಾರಿಗೆ ಹೇಳಿದ್ದು ಅಂತ ತಿಳಿಯುತ್ತದೆ. ಏನು ಕೇಳಲಿ ಅಂತ ಹುಡುಕುತ್ತಾ ಕೂರುವ ಕೆಲಸವೂ ಇಲ್ಲ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಶುರು ಮಾಡಿದ್ದರು. ಮನೆಯಲ್ಲಿ ಹುಟ್ಟಿದ ರೇಡಿಯೊ ಮನೆಗೆಲಸಕ್ಕೆ ಇಷ್ಟು ಚೆನ್ನಾಗಿ ಒಗ್ಗಿರುವುದು ನನಗೆ ತುಂಬಾ ಖುಷಿ ಕೊಡುತ್ತದೆ.

ಆದರೆ ನೇರ ಪ್ರಸಾರ ನಮಗಾಗಿ ಕಾಯುವುದಿಲ್ಲ. ನಾಟಕ ರಂಗೇರಿದಾಗಲೇ ಯಾರೋ ಸೀರೆ ಕೊಡಲು ಬರುತ್ತಾರೆ. ಬಣ್ಣ ಹೊಂದಿಸಿ, ಮಣಿ ಆರಿಸಿ, ರೇಟು ಮಾತಾಡಿ ಒಳಗೆ ಬರುವಷ್ಟರಲ್ಲಿ ಕಥೆ ಮುಗಿದಿರುತ್ತದೆ.

ವಿಡಿಯೊ ತಾಣದ ಓದಿನಲ್ಲಿ ಈ ತೊಂದರೆ ಇಲ್ಲ. ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು. ಸಣ್ಣ ಕಥೆಗಳು ಬೇಕಾದಷ್ಟಿವೆ. ಆದರೆ ಓದುವವರ ಮೇಲೆ ಎಲ್ಲವೂ ನಿಂತಿದೆ. ಕೆಲವರು ಪಕ್ಕದಲ್ಲೇ ಕೂತು ಹೇಳಿದ ಹಾಗೆ ಓದುತ್ತಾರೆ, ಕೆಲವರು ಸುಮ್ನೆ ಪಾಠ ಒಪ್ಪಿಸುತ್ತಾರೆ. ಮಧ್ಯೆ ಜಾಹೀರಾತು ಜೋರಾಗಿ ಬಂದರೆ ಎಣಿಕೆ ತಪ್ಪಿ, ಕಟ್ಟಿದ ಗಂಟು ಬಿಚ್ಚಬೇಕು. ಡೇಟಾ ಖರ್ಚೂ ಇದೆ. ಸೆಕೆಂಡಿಗೆ 64 ಕಿಲೋಬಿಟ್‌ನಂತೆ ಬರುವ ರೇಡಿಯೊ ಗಂಟೆಗೆ ಸುಮಾರು 29 ಎಂಬಿ ತಿಂದರೆ, ವಿಡಿಯೊ ಅದರ ಎಷ್ಟೋ ಪಟ್ಟು ತಿನ್ನುತ್ತದೆ. ನೋಡದೇ ಇರುವ ಚಿತ್ರಕ್ಕೆ ಅಷ್ಟು ಯಾಕೆ, ಅಲ್ವಾ?

ಆಡಿಯೊ ಪುಸ್ತಕ ಕೇಳಿದ್ದು ಕಡಿಮೆ. ಜಾಹೀರಾತಿಲ್ಲ, ಮೊದಲೇ ಇಳಿಸಿಕೊಂಡರೆ ನೆಟ್ ಬೇಡ, ನಿಲ್ಲಿಸಿದಲ್ಲಿಂದಲೇ ಶುರುವಾಗುತ್ತದೆ. ಕೊಕ್ಕೆ ಸೂಜಿಯಲ್ಲಿ ಹೆಣೆಯುವ ಕ್ರೋಶಾ ಕುಚ್ಚಿಗೆ ನನಗೆ ಇಡೀ ದಿನ ಬೇಕು. ಅಂಥ ದಿನ ಉದ್ದ ಕಾದಂಬರಿಗೆ ಇದಕ್ಕಿಂತ ಒಳ್ಳೆಯದು ಸಿಗಲಿಲ್ಲ. ಒಂದು ಸಣ್ಣ ಕಥೆಗಾಗಿ ಮಾತ್ರ ದುಡ್ಡು ಕೊಡಲು ಮನಸ್ಸು ಬರುವುದಿಲ್ಲ.

ಮಿಷನ್ ಮೇಲೆ ಜಿಗ್‌ಜಾಗ್ ಹೊಡೆಯುವಾಗ ಮೂರೂ ಬೇಡ. ಆ ಸದ್ದಿಗೆ ಅರ್ಧ ಮಾತು ಕೇಳಿಸುವುದಿಲ್ಲ. ಆಗ ಹಾಡೇ ಸರಿ.

ಈಗ ಸಾದಾ ಕುಚ್ಚಿನ ಸೀರೆ ಹಿಡಿದರೆ ಮೊದಲು ಧಾರವಾಡ ಹಚ್ಚುತ್ತೇನೆ. ನಾಟಕ ಇಲ್ಲದಿದ್ದರೆ ಮೈಸೂರು. ಅಲ್ಲೂ ಇಲ್ಲದಿದ್ದರಷ್ಟೇ ರೆಕಾರ್ಡಾದ ಕಥೆ.