ಜೂಪ್ ನೋವೊ, ಲಿಯೊನಾರ್ಡೊ, ಪೆರೆಗ್ರಿನ್: ನೇತ್ರಾಣಿ–ಅಂಡಮಾನ್ ಡೈವರಿಗೆ ಯಾವುದು?

ಈ ಮೂರೂ ಡೈವ್ ಕಂಪ್ಯೂಟರ್‌ಗಳು: ಆಳ, ಸಮಯ ನೋಡಿ ಮೈಯಲ್ಲಿ ಸೇರುವ ನೈಟ್ರೋಜನ್ ಲೆಕ್ಕ ಹಾಕಿ, ಇನ್ನೆಷ್ಟು ನಿಮಿಷ ಕೆಳಗಿರಬಹುದೆಂದು ಹೇಳುವ ಮಣಿಕಟ್ಟಿನ ಯಂತ್ರಗಳು. ಗುಂಪನ್ನು ಮುನ್ನಡೆಸುವ ಡೈವ್ ಮಾಸ್ಟರ್ ಕೈಯಲ್ಲಿ ಕಂಪ್ಯೂಟರ್ ಇದೆಯಲ್ಲ, ನನಗೇಕೆ ಎನ್ನುವವರು ಮೊದಲು ಒಂದು ಲೆಕ್ಕ ನೋಡಿ. ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ ಕೋಷ್ಟಕದ ಪ್ರಕಾರ ಮೊದಲ ಡೈವಿನ ನೋ-ಡೆಕೊ ಮಿತಿ (ಮೇಲೆ ಬರುವಾಗ ನಡುವೆ ಕಡ್ಡಾಯವಾಗಿ ನಿಲ್ಲಬೇಕಿಲ್ಲದಷ್ಟು ಸಮಯ) 18 ಮೀಟರ್ ಆಳಕ್ಕೆ 56 ನಿಮಿಷ, 22 ಮೀಟರಿಗೆ 37, 30 ಮೀಟರಿಗೆ ಬರೀ 20. ಮುಂದಿರುವವರಿಗಿಂತ ನಾಲ್ಕು ಮೀಟರ್ ಕೆಳಗೆ ತೇಲಿಕೊಂಡು ಹೋದರೆ ಅವರ ಯಂತ್ರದ ಸಂಖ್ಯೆ ನಿಮ್ಮ ಮೈಗೆ ಅನ್ವಯಿಸುವುದೇ ಇಲ್ಲ. ಒಂದನ್ನೇ ಇಬ್ಬರು ಹಂಚಿಕೊಳ್ಳುವುದೂ ಸಲ್ಲ. ಬಾಡಿಗೆಗೆ ತಂದದ್ದಾದರೆ ದಿನದ ಎಲ್ಲ ಡೈವ್‌ಗೂ ಅದೇ ಯಂತ್ರ ಇರಬೇಕು. ಮೊದಲ ಡೈವಿನ ನೈಟ್ರೋಜನ್ ಲೆಕ್ಕ ಅದರ ಹೊಟ್ಟೆಯಲ್ಲೇ ಇರುತ್ತದೆ.

ಸುಂಟೊ ಜೂಪ್ ನೋವೊ ದಪ್ಪಗಿದೆ, ನೋಡಲು ಚೆಂದವಿಲ್ಲ, ಆದರೆ ಗಟ್ಟಿ. ನಾಲ್ಕು ಬಟನ್ ಇರುವುದರಿಂದ ಮೆನುವಿನಲ್ಲಿ ದಾರಿ ತಪ್ಪುವುದು ಕಡಿಮೆ. ಗಾಳಿಗೂ 50 ಶೇಕಡದವರೆಗಿನ ನೈಟ್ರಾಕ್ಸಿಗೂ (ಆಮ್ಲಜನಕದ ಪಾಲು ಹೆಚ್ಚಿಸಿದ ಗಾಳಿ) ಆಗುತ್ತದೆ. ಸಿಆರ್2450 ಬ್ಯಾಟರಿಯನ್ನು ಮನೆಯಲ್ಲೇ ಬದಲಿಸಬಹುದು, ಆದರೆ ಪ್ರವಾಸದ ನಡುವೆ ಬೇಡ: ಬ್ಯಾಟರಿ ತೆಗೆದರೆ ನೈಟ್ರೋಜನ್ ಲೆಕ್ಕ ಅಳಿಸಿಹೋಗುತ್ತದೆ. ನೀರು ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಹೊಸದು ಹಾಕಿ, ಅದರ ಮೇಲೆ ಕೂದಲೆಳೆಯೂ ಮರಳ ಕಣವೂ ಇಲ್ಲವೆಂದು ಬೆಳಕಿಗೆ ಹಿಡಿದು ನೋಡಿ. ನೀರು ನುಗ್ಗುವುದು ಹೆಚ್ಚಾಗಿ ಇಲ್ಲಿಂದಲೇ.

ಜೂಪ್‌ನ ಸ್ವಭಾವ ಮಾತ್ರ ಕಟ್ಟುನಿಟ್ಟು. ಸುಂಟೊ ಬಳಸುವ ಆರ್‌ಜಿಬಿಎಂ ಲೆಕ್ಕ ಅವಸರದ ಏರಿಕೆ, ಚಿಕ್ಕ ಸರ್ಫೇಸ್ ಇಂಟರ್ವಲ್ (ಎರಡು ಡೈವ್ ನಡುವೆ ನೀರಿನ ಮೇಲಿರುವ ಸಮಯ), ಮೇಲೆ-ಕೆಳಗೆ ಆಡುವ ಡೈವ್ ಎಲ್ಲಕ್ಕೂ ದಂಡ ಹಾಕುತ್ತದೆ. ದೋಣಿಯಲ್ಲಿ ಮುಕ್ಕಾಲು ಗಂಟೆ ಕೂತು ಎರಡನೇ ಡೈವಿಗೆ ಇಳಿದರೆ ಪಕ್ಕದವರಿಗಿಂತ ನಿಮಗೆ ಕಡಿಮೆ ನಿಮಿಷ ತೋರಿಸಬಹುದು. ಗುಂಪಿನಲ್ಲಿ ಅತಿ ಎಚ್ಚರದ ಕಂಪ್ಯೂಟರ್ ಹೇಳಿದಂತೆ ಎಲ್ಲರೂ ನಡೆಯಬೇಕಾದ್ದರಿಂದ ಇದು ಜಗಳಕ್ಕೂ ಕಾರಣ! ಕಡ್ಡಾಯವಾದ ಡೆಕೊ ನಿಲುಗಡೆ ತಪ್ಪಿಸಿ ಮೇಲೆ ಬಂದರೆ ಯಂತ್ರ 48 ಗಂಟೆ ಲಾಕ್. ಅಂಡಮಾನಿನ ಹ್ಯಾವ್‌ಲಾಕ್‌ಗೆ (ಈಗಿನ ಹೆಸರು ಸ್ವರಾಜ್ ದ್ವೀಪ) ನಾಲ್ಕು ದಿನದ ಪ್ರವಾಸದಲ್ಲಿ ಎರಡು ದಿನ ಹೋದಂತೆ.

ಕ್ರೆಸ್ಸಿ ಲಿಯೊನಾರ್ಡೊ ಅಗ್ಗ, ಅಂಕಿಗಳು ದೊಡ್ಡವು, ಸಿಆರ್2430 ಬ್ಯಾಟರಿ. ಇರುವುದು ಒಂದೇ ಬಟನ್. ಆಮ್ಲಜನಕದ ಶೇಕಡವನ್ನು ಒಂದೊಂದಾಗಿ ಏರಿಸುತ್ತ ಹೋಗಬೇಕು, ಒಂದು ಒತ್ತು ಹೆಚ್ಚಾದರೆ ಪೂರ್ತಿ ಸುತ್ತಬೇಕು. ಗಾಳಿಯಲ್ಲಷ್ಟೇ ಡೈವ್ ಮಾಡುವವರಿಗೆ ಇದೊಂದು ಕೊರತೆಯೇ ಅಲ್ಲ. ದಿನಕ್ಕೆ ಎರಡು ಸಲ ನೈಟ್ರಾಕ್ಸ್ ಬದಲಿಸುವವರು ಬೇಸರಪಡುತ್ತಾರೆ.

ಶಿಯರ್‌ವಾಟರ್ ಪೆರೆಗ್ರಿನ್‌ಗೆ ಜೂಪ್‌ಗಿಂತ ಹೆಚ್ಚುಕಡಿಮೆ ಎರಡರಷ್ಟು ಹಣ ಬೇಕು. ಅದು ಹೋಗುವುದು 2.2 ಇಂಚಿನ ಬಣ್ಣದ ಪರದೆಗೆ. ಚಾಳೀಸು ಬೇಕಾದ ವಯಸ್ಸಿನವರು ಬೇರೆ ಯಾವುದನ್ನೂ ನೋಡಬೇಕಿಲ್ಲ. ಒಳಗಿರುವುದು ಬ್ಯೂಲ್ಮನ್ ಜಡ್‌ಎಚ್‌ಎಲ್-16ಸಿ ಲೆಕ್ಕ, ಜೊತೆಗೆ ಗ್ರೇಡಿಯಂಟ್ ಫ್ಯಾಕ್ಟರ್ (ಲೆಕ್ಕ ಎಷ್ಟು ಎಚ್ಚರದ್ದಿರಬೇಕೆಂದು ಆರಿಸುವ ಜೋಡಿ ಅಂಕಿ): ಕಡಿಮೆ ಎಚ್ಚರಕ್ಕೆ 45/95, ಮಧ್ಯಮಕ್ಕೆ 40/85, ಹೆಚ್ಚಿಗೆ 35/75. ಎರಡನೇ ಅಂಕಿ ಇಳಿದಷ್ಟೂ ನೋ-ಡೆಕೊ ನಿಮಿಷಗಳು ಇಳಿಯುತ್ತವೆ. ಮಧ್ಯಮದಲ್ಲೇ ಬಿಡಿ, ಗೆಳೆಯರ ನಿಮಿಷಕ್ಕೆ ಸರಿಹೊಂದಿಸಲು 95ಕ್ಕೆ ಏರಿಸುವುದು ಕೆಟ್ಟ ಚಾಳಿ. ತಪ್ಪು ಮಾಡಿದಾಗ ಇದು ಲಾಕ್ ಆಗದೆ ಲೆಕ್ಕ ಮುಂದುವರಿಸುತ್ತದೆ, ಎಚ್ಚರಿಕೆಗೆ ಮಣಿಕಟ್ಟಿನಲ್ಲಿ ಕಂಪಿಸುತ್ತದೆ. ಬ್ಯಾಟರಿ ಒಳಗೇ ಇದ್ದು ವೈರ್‌ಲೆಸ್ ಚಾರ್ಜ್ ಆಗುತ್ತದೆ. ಆದ್ದರಿಂದ ಚಾರ್ಜಿಂಗ್ ಪ್ಯಾಡ್ ಮರೆತು ದ್ವೀಪಕ್ಕೆ ಹೋದರೆ ಕಷ್ಟ. ಮೂಲ ಮಾದರಿಯಲ್ಲಿ ಸಿಲಿಂಡರಿನ ಒತ್ತಡ ಪರದೆಗೆ ಬರುವುದಿಲ್ಲ. ಮನರಂಜನೆಯ ಡೈವಿಗೆ ಅದನ್ನು ಕಳಿಸುವ ಟ್ರಾನ್ಸ್‌ಮಿಟರ್ ಅಗತ್ಯವೂ ಇಲ್ಲ, ಮೆದುಗೊಳವೆಯ ಮಾಪಕ ಸಾಕು.

ವರ್ಷಕ್ಕೆ ಒಂದೆರಡು ಪ್ರವಾಸದವರಿಗೆ ಜೂಪ್, ಹಣ ಬಿಗಿ ಇದ್ದರೆ ಲಿಯೊನಾರ್ಡೊ. ಋತುವಿಡೀ ಡೈವ್ ಮಾಡುವವರು ಪೆರೆಗ್ರಿನ್‌ಗೆ ಕೂಡಿಡಲಿ. ಯಾವುದೇ ಆದರೂ ನೈಟ್ರಾಕ್ಸ್ ಶೇಕಡವನ್ನು ಸಿಲಿಂಡರನ್ನು ಅನಲೈಸರಿನಲ್ಲಿ ಅಳೆದ ಮೇಲೇ, ಪ್ರತಿ ಡೈವಿಗೂ ಹೊಸದಾಗಿ ಹಾಕಿ. 32 ಶೇಕಡಕ್ಕೆ, ಆಮ್ಲಜನಕದ ಒತ್ತಡದ 1.4 ಬಾರ್ ಮಿತಿಯಲ್ಲಿ, ಗರಿಷ್ಠ ಆಳ ಸುಮಾರು 33 ಮೀಟರ್. ಹಿಂದಿನ ದಿನದ 21 ಹಾಗೇ ಉಳಿದಿದ್ದರೆ ಯಂತ್ರ ಆ ಎಚ್ಚರಿಕೆ ಕೊಡುವುದೇ ಇಲ್ಲ.

ಸಿಹಿನೀರಲ್ಲಿ ತೊಳೆದು ಒರೆಸಿಡಿ. ಜೂಪ್‌ನ ನೀರಿನ ಸಂಪರ್ಕಬಿಂದುಗಳಲ್ಲಿ ತೇವ ಉಳಿದರೆ ಯಂತ್ರ ಎಚ್ಚರವಾಗಿಯೇ ಇದ್ದು ಬ್ಯಾಟರಿ ತಿನ್ನುತ್ತದೆ.

ನಮ್ಮ ಕಡೆಯವರು ಲಕ್ಷ್ಯಕ್ಕೆ ತಗೊಳ್ಳದ ಇನ್ನೊಂದು ವಿಷಯ ನೋ-ಫ್ಲೈ ಗಡಿಯಾರ: ಡೈವ್ ಮುಗಿದ ಮೇಲೆ ವಿಮಾನ ಹತ್ತಲು ಎಷ್ಟು ಗಂಟೆ ಕಾಯಬೇಕೆಂದು ಕಂಪ್ಯೂಟರ್ ತೋರಿಸುವುದು. ಅದು ವಿಮಾನಕ್ಕಷ್ಟೇ ಅಲ್ಲ. ಡೈವರ್‌ಗಳ ಸುರಕ್ಷತೆಗಾಗಿರುವ ಡ್ಯಾನ್ ಸಂಸ್ಥೆಯ ಮಾರ್ಗಸೂಚಿ ಸುಮಾರು 600 ಮೀಟರಿನಿಂದ ಮೇಲಿನ ಎತ್ತರಕ್ಕೆಲ್ಲ ಅನ್ವಯ: ಒಂದೇ ಡೈವಾದರೆ ಕನಿಷ್ಠ 12 ಗಂಟೆ, ಹಲವಾದರೆ 18. ಬೆಂಗಳೂರು ಇರುವುದು 900 ಮೀಟರಿನ ಆಸುಪಾಸಿನಲ್ಲಿ. ಮುರುಡೇಶ್ವರದಲ್ಲಿ ಮಧ್ಯಾಹ್ನ ಎರಡನೇ ಡೈವ್ ಮುಗಿಸಿ ಅದೇ ರಾತ್ರಿ ಘಟ್ಟ ಹತ್ತುವ ಬಸ್ಸಿಗೆ ಟಿಕೆಟ್ ಮಾಡಿಸಬೇಡಿ. ಮರುದಿನ ಬೆಳಿಗ್ಗೆ ಗಡಿಯಾರ ನೋಡಿಕೊಂಡು ಹೊರಡಿ.